ಬೇಡದ ಸದ್ದು

ಜೂನ್ ೯, ಸೋಮವಾರ.

ಅಣ್ಣನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಅಪ್ಪನ ಹಳೆಯ ಕ್ಯಾಮೆರಾದ ವಿಡಿಯೊಗಳು ಈಗಿನ ಫೋನಿನಲ್ಲಿ ತೆರೆಯುವುದಿಲ್ಲವೆಂದು, ಒಂದೊಂದನ್ನೇ ಯಾವುದೋ ವೆಬ್‌ಸೈಟಿಗೆ ಹಾಕಿ ಹೊಸ ಫಾರ್ಮ್ಯಾಟಿಗೆ ಬದಲಾಯಿಸಿದ್ದ. ಸಂಜೆ ಹೆಮ್ಮೆಯಿಂದ ತೋರಿಸಿದ. ಐದು ವರ್ಷದ ನಾನು ಪದ್ಯ ಹೇಳುತ್ತಿದ್ದೇನೆ, ಸುತ್ತ ನಿಶ್ಶಬ್ದ.

"ಅಮ್ಮ ಎಲ್ಲಿ?" ಅಂದೆ.

"ಅಮ್ಮ ಯಾವ ವಿಡಿಯೊದಲ್ಲೂ ಇಲ್ವಲ್ಲೇ. ಕ್ಯಾಮೆರಾ ಕಂಡ್ರೆ ಓಡೋಳು."

"ಅವಳ ಹೊಲಿಗೆ ಮಷೀನು?"

"ಆ ಟಕಟಕನಾ? ಬೇಡದ ಸದ್ದು ತೆಗೀಬೇಕಾ ಅಂತ ವೆಬ್‌ಸೈಟು ಕೇಳ್ತು, ಹೂಂ ಅಂದೆ. ಹಳೇ ಫೈಲು ಇನ್ಯಾಕೆ, ಅಳಿಸ್ಬಿಡ್ಲಾ?"

ಮೈಯೆಲ್ಲ ಉರಿಯಿತು. ಅಮ್ಮ ಹೋಗಿ ಮೂರು ವರ್ಷ. ಪಕ್ಕದ ಕೋಣೆಯಲ್ಲಿ ಕೂತು ಊರವರ ಬಟ್ಟೆ ಹೊಲಿಯುತ್ತಿದ್ದವಳು ಇವುಗಳಲ್ಲಿ ಉಳಿದಿದ್ದೇ ಆ ಸದ್ದಾಗಿ. ಬೇಡದ ಸದ್ದಂತೆ! ಹಳೆಯ ಫೈಲುಗಳಿದ್ದ ಹಾರ್ಡ್ ಡಿಸ್ಕನ್ನು ಅವನ ಕೈಯಿಂದ ಕಿತ್ತುಕೊಂಡು ಬಂದೆ.

ಈಗ ನಾನೇ ಮೊದಲಿನಿಂದ ಬದಲಾಯಿಸುತ್ತ ಕೂತಿದ್ದೇನೆ. 'ಬೇಡದ ಸದ್ದು ತೆಗೆ' ಎಂಬುದರ ಮುಂದಿನ ಟಿಕ್ ತೆಗೆದ ಕೂಡಲೇ, ಧ್ವನಿಯ ಗುಣಮಟ್ಟ ಕಡಿಮೆಯಾಗಬಹುದು ಎಂದು ಎಚ್ಚರಿಕೆ ಬಂತು. ನಿನ್ನ ಗುಣಮಟ್ಟ ನೀನೇ ಇಟ್ಟುಕೋ. ಹನ್ನೊಂದು ಮುಗಿದಿವೆ, ಇನ್ನೂ ಇಪ್ಪತ್ತಿವೆ. ಕಣ್ಣು ಎಳೆಯುತ್ತಿದೆ, ಆದರೂ ಬಿಡುವುದಿಲ್ಲ.

ಪದ್ಯದ ನಡುವೆ ನಾನು ತಪ್ಪಿದಾಗ ಮಷೀನು ನಿಲ್ಲುತ್ತದೆ. ಸರಿಯಾಗಿ ಹೇಳುವವರೆಗೂ ಮತ್ತೆ ಶುರುವಾಗುವುದಿಲ್ಲ.