ಲಾಮೋಸ್ ನದಿಯ ಎರಡು ಸೇತುವೆ

ಸೆಲ್ಯೂಕಿಯಾ,
ಅಂಜೂರ ಮಾಗುವ ಕಾಲ

ನನ್ನ ಮುದ್ದು ಉಮಾಮಾ,

ಹೆತ್ತವಳಲ್ಲದಿದ್ದರೂ ನಿನಗೆ ಹಾಲೂಡಿಸಿದವಳ ಆಶೀರ್ವಾದ. ಹೇಳದೆ ಹೊರಟುಬಿಟ್ಟೆನೆಂದು ಮುಖ ಊದಿಸಿಕೊಂಡಿರುತ್ತೀ, ಗೊತ್ತು. "ಮುದುಕಿಗೆ ಕೊನೆಗೂ ತವರು ನೆನಪಾಯ್ತು ನೋಡು" ಎಂದು ಪಕ್ಕದ ಮನೆಯವಳು ಚುಚ್ಚಿಯೂ ಇರುತ್ತಾಳೆ. ಅರಬ್ಬಿ ಬಲ್ಲ ಸನ್ಯಾಸಿಯೊಬ್ಬರ ಕೈಲಿ ಇದನ್ನು ಬರೆಸುತ್ತಿದ್ದೇನೆ. ನಿಮ್ಮ ತಾರ್ಸಸ್‌ಗೆ ಹೋಗುವ ವ್ಯಾಪಾರಿ ತಲುಪಿಸುತ್ತಾನೆ.

ರೋಮಿನವರ ಸೆರೆಯಲ್ಲಿದ್ದ ನಿನ್ನ ಗಂಡ ಸುವೈದ್ ಇಷ್ಟರಲ್ಲಿ ಮನೆ ಸೇರಿರಬೇಕು. ಹೇಗೆ ಸೇರಿದ ಎಂಬುದನ್ನು ನನ್ನ ಬಾಯಿಂದ ಕೇಳು.

ಆ ನದೀತೀರವನ್ನು ನೀನು ನೋಡಬೇಕಿತ್ತು, ಮಗಳೇ! ಈ ದಡದಲ್ಲಿ ಖಲೀಫರ ಸೈನ್ಯ, ಆ ದಡದಲ್ಲಿ ರೋಮಿನ ಚಕ್ರವರ್ತಿಯ ಸೈನ್ಯ. ಪ್ರತಿ ಬೇಸಿಗೆ ಒಬ್ಬರ ಊರನ್ನೊಬ್ಬರು ಸುಡುವ ಜನ ಕತ್ತಿ ಕೆಳಗಿಟ್ಟು ಸುಮ್ಮನೆ ಕೂತಿದ್ದರು. ನದಿಗೆ ಎರಡು ಮರದ ಸೇತುವೆ. ಒಂದರ ಮೇಲೆ ಇಲ್ಲಿಂದೊಬ್ಬ ಸೆರೆಯಾಳು, ಇನ್ನೊಂದರ ಮೇಲೆ ಅಲ್ಲಿಂದೊಬ್ಬ, ಒಟ್ಟಿಗೇ ನಡೆಯಬೇಕು. ನಡುವಿಗೆ ಬಂದಾಗ ನಿಮ್ಮವರು "ಅಲ್ಲಾಹು ಅಕ್ಬರ್" ಎನ್ನುತ್ತಾರೆ, ರೋಮಿನವರು "ಕರ್ತನೇ, ಕರುಣಿಸು" ಎನ್ನುತ್ತಾರೆ. ದಡದ ಸೈನ್ಯ ದನಿಗೂಡಿಸಿದಾಗ ನನ್ನ ಮೈ ಜುಮ್ಮೆಂದಿತು. ಸರದಾರನಿಗೆ ಬದಲು ಕುರುಬ, ಪಾದ್ರಿಗೆ ಬದಲು ಕಮ್ಮಾರ. ತಲೆಗೆ ತಲೆ, ಅಷ್ಟೇ. ಲೋಕವನ್ನೇ ಪಾಲು ಮಾಡಿಕೊಂಡ ಇಬ್ಬರು ದೊರೆಗಳು ಒಂದೊಂದೇ ಬಡಜೀವವನ್ನು ಇಷ್ಟು ಜೋಪಾನವಾಗಿ ದಾಟಿಸುತ್ತಾರೆಂದು ನಾನು ಕನಸಲ್ಲೂ ಎಣಿಸಿರಲಿಲ್ಲ.

ಕೊಡಲು ನಮ್ಮ ಕಡೆ ರೋಮಿನ ಸೆರೆಯಾಳುಗಳು ಸಾಲದಾಗಿದ್ದು ನಿನಗೂ ಗೊತ್ತು. ಇಲ್ಲಿ ಒಬ್ಬರು ಕಡಿಮೆಯಾದರೆ ಅಲ್ಲಿ ಒಬ್ಬ ಸೆರೆಯಲ್ಲೇ ಉಳಿದ. ಅದಕ್ಕೇ ಮನೆಮನೆಯಲ್ಲಿದ್ದ ರೋಮಿನ ದಾಸಿಯರನ್ನು ಅಧಿಕಾರಿಗಳು ಕರೆದೊಯ್ದರು. ಹಾಗೆಯೇ ನನ್ನನ್ನೂ ಕರೆದೊಯ್ದರು.

ಸಾಲಿನಲ್ಲಿ ನಾನೇ ಕೊನೆಯವಳು. ಆಚೆ ಸೇತುವೆಯಲ್ಲಿ ಸುವೈದ್! ಗಡ್ಡ ನರೆತಿತ್ತು. ನನ್ನನ್ನು ಕಂಡು ನಿಂತೇಬಿಟ್ಟ. "ಸೌಸನ್ ಅಮ್ಮಾ, ನೀನೆಲ್ಲಿಗೆ?" ಎಂದ. "ಮುಂದೆ ನೋಡ್ಕೊಂಡು ನಡಿಯೋ, ಮನೇಲಿ ನಿನ್ನ ಮಗ ಕಾಯ್ತಿದಾನೆ" ಎಂದು ಗದರಿದೆ. "ಮಗನಾ?" ಎಂದವನ ಮುಖ ನೀನು ನೋಡಬೇಕಿತ್ತು.

ನಡುವಿಗೆ ಬಂದೆ, ಬಾಯಿ ತೆರೆದೆ. ಬಂದದ್ದು "ಅಲ್ಲಾಹು ಅಕ್ಬರ್"! ಇಷ್ಟು ವರ್ಷ ಬೆಳಗು ಬೈಗು ಕೇಳಿದ್ದೇ ನಾಲಿಗೆಗೆ ಬಂತು. "ಇವಳು ಅವರವಳು, ಮೋಸ! ಅವನನ್ನೂ ವಾಪಸ್ ಕರೀರಿ!" ಎಂದು ರೋಮಿನ ದಳಪತಿ ಕಿರುಚಿದ. ಮಗನ ಸುದ್ದಿ ಕೇಳಿ ಓಡಿದ ಸುವೈದ್ ದಡದಿಂದ ಒಂದೇ ಹೆಜ್ಜೆ ದೂರದಲ್ಲಿದ್ದ. ತಾಯ್ನುಡಿಯ ಒಂದು ಮಾತೂ ಸಿಗಲಿಲ್ಲ. ಆದರೆ ಕೈ ತಾನಾಗಿ ಮೇಲೆದ್ದು, ಅವ್ವ ಎಳವೆಯಲ್ಲಿ ಕಲಿಸಿದ ಹಾಗೆ ಎದೆಯ ಮೇಲೆ ಶಿಲುಬೆ ಬರೆಯಿತು.

ದಡದಲ್ಲಿದ್ದ ಮುದಿ ಸಿಪಾಯಿಯೊಬ್ಬ ನಕ್ಕ. "ಅಷ್ಟು ವರ್ಷ ಅವರ ಉಪ್ಪು ತಿಂದೋಳು, ನಾಲಿಗೆ ಇನ್ಯಾರ ಮಾತು ಆಡ್ಬೇಕು? ಕೈ ನಮ್ದೇ, ಬಿಡ್ರಿ ಸ್ವಾಮಿ" ಎಂದ. ಆ ನಗು ನದಿ ದಾಟಿ ನಿಮ್ಮ ಸೈನ್ಯಕ್ಕೂ ಹಬ್ಬಿತು. ಎರಡು ಸಾಮ್ರಾಜ್ಯಗಳು ಒಟ್ಟಿಗೆ ನಗುವುದನ್ನು ಕೇಳಿದವಳು ನಾನು, ಉಮಾಮಾ. ಇನ್ನು ಸತ್ತರೂ ಚಿಂತೆಯಿಲ್ಲ.

ಇಲ್ಲಿ ನನ್ನವರು ಯಾರೂ ಉಳಿದಿಲ್ಲ. ಮಠದ ಅಡುಗೆಮನೆ ಸೇರಿದ್ದೇನೆ. ಬೇಳೆಗೆ ಜೀರಿಗೆ ಹಾಕಿದರೆ "ಇದೇನಜ್ಜಿ, ಅರಬರ ಸಾರು!" ಎಂದು ಸನ್ಯಾಸಿನಿಯರು ಮೂಗು ಮುರಿಯುತ್ತಾರೆ, ಬಟ್ಟಲು ಮಾತ್ರ ನೆಕ್ಕುತ್ತಾರೆ. ಮಗುವಿಗೆ ಎಣ್ಣೆ ಹಚ್ಚುವುದನ್ನು ಮರೆಯಬೇಡ.

ನಿನ್ನ,
ಸೌಸನ್ ಅಮ್ಮ
(ಇಲ್ಲಿ ಮತ್ತೆ ಹಳೆಯ ಹೆಸರು, ತೆಕ್ಲಾ)

ಇನ್ನೊಂದು ಮಾತು: ನನ್ನನ್ನು ಯಾರೂ ಕರೆದೊಯ್ಯಲಿಲ್ಲ. ನೀನು ಹಾಲು ಬಿಟ್ಟ ವರ್ಷವೇ ನಿನ್ನಪ್ಪ ನನಗೆ ಬಿಡುಗಡೆ ಕೊಟ್ಟಿದ್ದರು. ನಿನ್ನನ್ನು ಬಿಟ್ಟು ಹೋಗಲಾರದೆ ಉಳಿದೆ, ನಿನಗೆ ಹೇಳಲಿಲ್ಲ. ಬಿಡುಗಡೆಯಾದವರನ್ನು ಸೇತುವೆಯ ಸಾಲಿಗೆ ಸೇರಿಸುವುದಿಲ್ಲವಂತೆ. ಅದಕ್ಕೆ ನಾನೇ ಅಧಿಕಾರಿಯ ಬಾಗಿಲಿಗೆ ಹೋಗಿ, ಇನ್ನೂ ದಾಸಿಯೇ ಎಂದೆ. ಸುವೈದ್‌ಗೆ ತಿಳಿಸಬೇಡ, ಕೊರಗುತ್ತಾನೆ. ಪಕ್ಕದ ಮನೆಯವಳಿಗೆ ಮಾತ್ರ ಹೇಳು, ಮುದುಕಿ ತವರು ನೆನಪಾಗಿ ಹೋದವಳಲ್ಲ ಎಂದು.