ನಮ್ಮ ಕಪ್ಪು ಬಣ್ಣವನ್ನು ಸಾರಾಯಿ ಎಂದವರಿಗೆ

ಮಾನ್ಯ ಅಬಕಾರಿ ಅಧಿಕಾರಿಗಳೇ,

ಕಳೆದ ಫೆಬ್ರವರಿಯಲ್ಲಿ ಶಿರ್ತಾಡಿಯ ನನ್ನ ಅಂಗಳದಲ್ಲಿ ತಾವು ಚೆಲ್ಲಿಸಿದ ಎರಡು ಡ್ರಮ್ ದ್ರವ ಸಾರಾಯಿ ಕಾಯಿಸುವ ಬೆಲ್ಲದ ಕೊಳೆಯಾಗಿರಲಿಲ್ಲ. ಬಟ್ಟೆಗೆ ಅಚ್ಚೊತ್ತುವ ಕಪ್ಪು ಬಣ್ಣವಾಗಿತ್ತು. ಅದು ಸಾರಾಯಿಯಲ್ಲವೆಂದು ತಮ್ಮದೇ ಪ್ರಯೋಗಾಲಯ ಈಗ ಒಪ್ಪಿಕೊಂಡಿದೆ. ತಾವು ಮಾತ್ರ ಬಾಯಿ ಬಿಟ್ಟಿಲ್ಲ.

ನಾನು ಮತ್ತು ನನ್ನ ಜತೆಗೆಲಸದ ಝೈನಬ್ ಒಂಬತ್ತು ವರ್ಷಗಳಿಂದ ಮರದ ಅಚ್ಚುಗಳಲ್ಲಿ ಸೀರೆ, ಹೊದಿಕೆಗಳಿಗೆ ಚಿತ್ತಾರ ಒತ್ತುತ್ತಿದ್ದೆವು. ಕೆಂಪಿಗೆ ಮಂಜಿಷ್ಠದ ಬೇರು, ಹಳದಿಗೆ ದಾಳಿಂಬೆ ಸಿಪ್ಪೆ. ಕಪ್ಪಿಗೆ ಮಾತ್ರ ತುಕ್ಕು ಹಿಡಿದ ಕಬ್ಬಿಣದ ಚೂರುಗಳನ್ನು ಬೆಲ್ಲದ ನೀರಿನಲ್ಲಿ ಮೂರು ವಾರ ಕೊಳೆಸಬೇಕು. ನೊರೆ ಬರುತ್ತದೆ, ವಾಸನೆಯೂ ಬರುತ್ತದೆ. ಆ ವಾಸನೆಯ ಬಗ್ಗೆ ಯಾರೋ ತಮಗೆ ಫೋನ್ ಮಾಡಿದರು. ದೂರು ಬಂದರೆ ಪರೀಕ್ಷಿಸುವುದು ತಮ್ಮ ಕರ್ತವ್ಯ, ಅದಕ್ಕೆ ನನ್ನ ಆಕ್ಷೇಪವಿಲ್ಲ. ಆದರೆ ಪರೀಕ್ಷಿಸಿದಿರಾ?

"ಬೆಲ್ಲ ಯಾಕಮ್ಮ ಹಾಕಿದ್ದು, ಪಾಯಸ ಮಾಡ್ಲಿಕ್ಕಾ?" ಎಂದು ಕೇಳಿದಿರಿ. ಜತೆಗಿದ್ದವರು ನಕ್ಕರು. ಝೈನಬ್ ಹೆದರಲಿಲ್ಲ. "ಸರ್, ಇದರಲ್ಲಿ ಕಬ್ಬಿಣ ಉಂಟು. ಒಂದು ನಿಮಿಷ ನಿಲ್ಲಿ, ತೋರಿಸ್ತೇನೆ" ಎಂದಳು. ಕಬ್ಬಿಣ ತಾಗಿದರೆ ಕಪ್ಪಾಗುವಂತೆ ಅಳಲೆಕಾಯಿ ನೀರಿನಲ್ಲಿ ಅದ್ದಿ ಒಣಗಿಸಿದ ತುಂಡು ಬಟ್ಟೆಯನ್ನು ಮೇಜಿನ ಮೇಲೆ ಹಾಸಿ, ಅಚ್ಚನ್ನು ಆ ದ್ರವಕ್ಕೆ ಮುಟ್ಟಿಸಿ ಒತ್ತಿದಳು. ಮಸುಕು ಹಳದಿ ಬಟ್ಟೆಯ ಮೇಲೆ ಬಳ್ಳಿಯೊಂದು ತಮ್ಮ ಕಣ್ಣೆದುರೇ ಕಪ್ಪಾಗಿ ಮೂಡಿತು. ನೋಡಿ ತಾವೇನೆಂದಿರಿ? "ಬಣ್ಣಕ್ಕೂ ಆಗ್ತದೆ, ಕುಡಿಲಿಕ್ಕೂ ಆಗ್ತದೆ!" ಇಂಥ ಸಂಶೋಧನೆಗೆ ಇಲಾಖೆ ಪದಕ ಕೊಡದಿದ್ದರೆ ಅದು ಘೋರ ಅನ್ಯಾಯ. ಜತೆಗೆ, ತುಕ್ಕು ನೀರು ಕುಡಿಯುವ ಗಿರಾಕಿ ಯಾರಾದರೂ ಇದ್ದರೆ ದಯವಿಟ್ಟು ನಮಗೂ ತೋರಿಸಿ.

ಒಂದು ಬಾಟಲಿ ಮಾದರಿ ತೆಗೆದುಕೊಂಡು ಉಳಿದದ್ದನ್ನು ಚೆಲ್ಲಿಸಿದಿರಿ. ನಮ್ಮಿಬ್ಬರನ್ನೂ ಡ್ರಮ್ಮುಗಳ ಪಕ್ಕ ನಿಲ್ಲಿಸಿ ಫೋಟೋ ತೆಗೆಸಿದಿರಿ. ಮರುದಿನ ಪತ್ರಿಕೆಯಲ್ಲಿ ಬಂತು: "ಕಳ್ಳಭಟ್ಟಿ ಅಡ್ಡೆಗೆ ದಾಳಿ, ಇಬ್ಬರು ಮಹಿಳೆಯರು ವಶಕ್ಕೆ." ಇಡೀ ಊರಿನಲ್ಲಿ ಸಾರಾಯಿ ಕಾಯಿಸುವವರೆಂದು ತಮಗೆ ಸಿಕ್ಕಿದ್ದು ಒಬ್ಬಳು ಜೈನ ಹೆಂಗಸು, ಒಬ್ಬಳು ಬ್ಯಾರಿ ಮುಸ್ಲಿಂ ಹೆಂಗಸು! ಆ ವಾರ ಬಸದಿಗೆ ಅಭಿಷೇಕದ ಹಾಲು ಕೊಂಡುಹೋದರೆ ಅಲ್ಲಿಯವರು, "ಈ ಸಲ ಬೇಡ, ಪ್ರಭಾವತಿಯಕ್ಕ" ಎಂದರು. ತಂಬಿಗೆ ಹಿಡಿದುಕೊಂಡು ಹಿಂತಿರುಗಿ ಬಂದೆ. ನಾಚಿಕೆಯಿಂದಲ್ಲ, ಸಿಟ್ಟಿನಿಂದ.

ನಾಲ್ಕು ತಿಂಗಳ ಬಳಿಕ ತಮ್ಮ ಕಚೇರಿಯವರು ನನ್ನನ್ನು ಕರೆದು, ಮದ್ಯಸಾರ ಪತ್ತೆಯಾಗಿಲ್ಲವೆಂದು ವರದಿ ಬಂದಿದೆ, ಹೋಗಬಹುದು ಎಂದರು. ಅಷ್ಟನ್ನೇ ಬರೆದು ಕೊಡಿ ಎಂದೆ. "ಕೇಸೇ ಇಲ್ಲ ಅಂದ ಮೇಲೆ ಪತ್ರ ಯಾಕೆ ಮಾರಾಯ್ರೆ?"

ಯಾಕೆಂದು ಹೇಳುತ್ತೇನೆ. ಝೈನಬ್ ಕೆಲಸಕ್ಕೆ ಬರುತ್ತಿಲ್ಲ. ಅವಳ ಗಂಡನ ಅಣ್ಣ ಅಬ್ದುಲ್ ಹಕೀಂ ಇನ್ನು ಕಳುಹಿಸುವುದಿಲ್ಲ ಎಂದಿದ್ದಾರೆ. ಒಂದು ಅಚ್ಚಿನ ಪಕ್ಕ ಇನ್ನೊಂದನ್ನು ಕೂದಲೆಳೆಯಷ್ಟೂ ಸಂದು ಬಿಡದೆ ಕೂರಿಸುತ್ತಿದ್ದ ಕೈ ಈಗ ಬೀಡಿ ಕಟ್ಟುತ್ತಿದೆ. ವರದಿಯ ಸುದ್ದಿ ಹೇಳಲು ಹೋದಾಗ ಅವಳು ತಲೆಯೆತ್ತದೆ ಕೇಳಿದಳು: "ಅಕ್ಕ, ನನಗೆ ಗೊತ್ತುಂಟು, ನಿಮಗೆ ಗೊತ್ತುಂಟು. ಪೇಪರಿನಲ್ಲಿ ನೋಡಿದವರಿಗೆ ಯಾರು ಹೇಳುವುದು?"

ತಾವೇ ಹೇಳಬೇಕು. ಈ ತಿಂಗಳೊಳಗೆ, ಹಗಲು ಹೊತ್ತಿನಲ್ಲಿ, ಸಮವಸ್ತ್ರದಲ್ಲೇ ಝೈನಬಳ ಮನೆಗೆ ಬಂದು, ಅವಳ ಜಗಲಿಯಲ್ಲಿ ನಿಂತು, ಅಬ್ದುಲ್ ಹಕೀಂ ಅವರೆದುರು ವರದಿಯನ್ನು ಗಟ್ಟಿಯಾಗಿ ಓದಿ. ಅದನ್ನೇ ತಮ್ಮ ಸಹಿಯೊಂದಿಗೆ ಪತ್ರಿಕೆಗೂ ಕೊಡಿ. ಆಮೇಲೆ ಅವಳು ಕೆಲಸಕ್ಕೆ ಮರಳುತ್ತಾಳೋ ಇಲ್ಲವೋ ನನಗೆ ತಿಳಿಯದು. ಆ ತೀರ್ಮಾನ ಅವಳದಾಗಿರಲಿ, ತಮ್ಮದಲ್ಲ.

ಇಂತಿ,
ಈಗ ಒಬ್ಬಳೇ ಅಚ್ಚೊತ್ತುತ್ತಿರುವ
ಪ್ರಭಾವತಿ, ಶಿರ್ತಾಡಿ