ಹಸಿರು ದೀಪವೂ ಸೆರಗಿನ ಗಂಟೂ

ಗುಬ್ಬಿ ಸೀಮೆ, ೧೯೮೪

ತರಬೇತಿ ವಿಭಾಗದ ಮುಖ್ಯಾಧಿಕಾರಿಗಳ ಸನ್ನಿಧಾನಕ್ಕೆ,

ಮಾನ್ಯರೇ, ಜ್ಞಾಪಕಶಕ್ತಿ ಸಾಲದೆಂದು ನನ್ನನ್ನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಪರವೂರಿನ ಕರೆ ಜೋಡಿಸುವ ಟ್ರಂಕ್ ಬೋರ್ಡಿನಿಂದ ಎಬ್ಬಿಸಿ ಕಡತಗಳ ಕೋಣೆಗೆ ಅಟ್ಟುವ ತಮ್ಮ ಆದೇಶ ಕೈಸೇರಿತು. ಓದಿ ನಗು ತಡೆಯಲಾಗಲಿಲ್ಲ. ಪಕ್ಕದವರಿಗೂ ಓದಿ ಹೇಳಿದೆ, ಅವರೂ ನಕ್ಕರು. ನಕ್ಕು ಮುಗಿದ ಮೇಲೆ ಸಿಟ್ಟು ಬಂತು, ಆದ್ದರಿಂದ ಪತ್ರಿಕೆಯ ಮೂಲಕವೇ ಬರೆಯುತ್ತಿದ್ದೇನೆ.

ನಾನು ಮರೆಗುಳಿ, ಒಪ್ಪುತ್ತೇನೆ. ಒಲೆಯ ಮೇಲೆ ಹಾಲಿಟ್ಟು ಬೀದಿಬಾಗಿಲಲ್ಲಿ ಹರಟುವವಳು. ಅದಕ್ಕೇ, ಅಮ್ಮ ಕಲಿಸಿದಂತೆ, ಕಾದಿರುವ ಒಂದೊಂದು ಕರೆಗೂ ಸೆರಗಿಗೆ ಒಂದು ಗಂಟು ಹಾಕುತ್ತೇನೆ. ಕರೆ ಸಿಕ್ಕೊಡನೆ ಬಿಚ್ಚುತ್ತೇನೆ. ಚೇಳೂರಿನವರಾಗಲಿ ಸಿ.ಎಸ್. ಪುರದವರಾಗಲಿ ಇದುವರೆಗೆ ದೂರಿದ್ದಿಲ್ಲ. ತಾವು ಕಳಿಸಿದ ತರಬೇತುದಾರರು ಮಾತ್ರ ಗಂಟು ಕಂಡು, ಕಾಪಿ ಚೀಟಿ ಹಿಡಿದ ಮೇಷ್ಟರಂತೆ ಹಿಗ್ಗಿ, ಗಂಟುಗಳನ್ನೆಲ್ಲ ಬಿಚ್ಚಿಸಿದರು. ನಮ್ಮ ಹಣೆಗೆ ಒಂದು ಯಂತ್ರದ ತಂತಿ ಅಂಟಿಸಿದರು. ಮನಸ್ಸು ಶಾಂತವಾದರೆ ಯಂತ್ರದ ಹಸಿರು ದೀಪ ಹತ್ತುತ್ತದಂತೆ, ದೀಪ ಹತ್ತಿದಷ್ಟೂ ಮೆದುಳು ಪಳಗಿ ನೆನಪು ಬಲಿಯುತ್ತದಂತೆ! ಸಹೋದ್ಯೋಗಿ ಕದರಯ್ಯನವರು ಕೂತಲ್ಲೇ ತೂಕಡಿಸಿದರು. ದೀಪ ಜಗ್ಗೆಂದು ಹತ್ತಿತು. ಪರೀಕ್ಷೆಯಲ್ಲಿ ಅವರೇ ಮೊದಲಿಗರು.

ನನ್ನ ಪರೀಕ್ಷೆ ಬೋರ್ಡಿನ ಮುಂದೆಯೇ ನಡೆಯಿತು. ಏನನ್ನೂ ಯೋಚಿಸದೆ ಕೂತೆ, ದೀಪ ಹತ್ತಿತು. ಆಹಾ, ಎಂಥ ಸುಖ ಮಾನ್ಯರೇ! ಲೋಕವೇ ಮರೆತುಹೋಯಿತು, ಹನುಮಮ್ಮನವರ ಕರೆಯೂ ಮರೆತುಹೋಯಿತು. ಕುಣಿಗಲ್ ಆಸ್ಪತ್ರೆಗೆ ಹೆರಿಗೆಗೆ ಸೇರಿದ್ದ ಮಗಳ ಸುದ್ದಿ ಕೇಳಲು ಸಿ.ಎಸ್. ಪುರದಿಂದ ಬಸ್ಸಿನಲ್ಲಿ ಬಂದು ಹೊರಗೆ ಕಾಯುತ್ತಿದ್ದ ಆಕೆ, ಕಾದು ಕಾದು ಕೊನೆಗೆ ಒಳಗೇ ಬಂದರು.

“ಧ್ಯಾನ ಆಮೇಲ್ ಮಾಡ್ಕೊಳ್ಳುವಂತೆ ಬುಡು ತಾಯಿ. ನನ್ ಮಗ್ಳು ಬದ್ಕವ್ಳಾ, ಅಷ್ಟ್ ಕೇಳು.”

ದೀಪ ಆರಿತು. ತಂತಿ ಕಿತ್ತೆಸೆದು ಕುಣಿಗಲ್ ಹಿಡಿದೆ. ತಾಯಿ, ಮಗು ಇಬ್ಬರೂ ಕ್ಷೇಮ! ಹನುಮಮ್ಮನವರು ಅಳುತ್ತ ನಗುತ್ತ ತರಬೇತುದಾರರ ಬಾಯಿಗೂ ಬೆಲ್ಲ ತುರುಕಿದರು. ಆ ಮಹಾಶಯರು ಬೆಲ್ಲ ಚಪ್ಪರಿಸುತ್ತಲೇ, ದೀಪ ಆರಿದ್ದರಿಂದ ನಾನು ಅನುತ್ತೀರ್ಣಳೆಂದು ಬರೆದುಕೊಂಡರು.

ಮರೆತಾಗ ಹತ್ತಿ ನೆನಪಾದಾಗ ಆರುವ ದೀಪದಿಂದ ಜ್ಞಾಪಕಶಕ್ತಿಯನ್ನು ಅಳೆಯುವುದು ಯಾವ ಸೀಮೆಯ ವಿಜ್ಞಾನ? ಆದೇಶವನ್ನು ಹಿಂತೆಗೆದುಕೊಳ್ಳಿ. ಸೆರಗು ನನ್ನದು, ಅದರ ಗಂಟನ್ನೂ ನನಗೇ ಬಿಡಿ. ಬೇಗ ತೀರ್ಮಾನಿಸಿದರೆ ಉಪಕಾರವಾದೀತು. ಸದ್ಯ ಬೋರ್ಡಿನ ಮುಂದೆ ಕದರಯ್ಯನವರು ಪರಮ ಶಾಂತರಾಗಿ ಕೂತಿದ್ದಾರೆ, ಹೊರಗೆ ಜನ ಕಾಯುತ್ತಿದ್ದಾರೆ.

ಇಂತಿ,
ಕೈಯಾರೆ ದೀಪ ಆರಿಸಿಕೊಂಡ
ಕಮಲ, ಸದ್ಯಕ್ಕೆ ಟ್ರಂಕ್ ಆಪರೇಟರ್